ಅಂತೆ

ಚಿರಿಪಾತದ ನೋಂದಣಿ ಕಚೇರಿಗೆ ಒಂದೇ ಕಿಟಕಿ.
ಅದರಾಚೆ ಬೆಟ್ಟ, ಬೆಟ್ಟದ ಬೆನ್ನಿಗೆ ಇನ್ನೊಂದು ಬೆಟ್ಟ,
ಮೋಡ ಸರಿದರೆ ಹಿಮ.
ಗುರುವಾರ ಸಂತೆ, ಹಾಗಾಗಿ ಗುರುವಾರವೇ ಜನ.
ಹೊಗೆ, ಕುರಿಯುಣ್ಣೆ, ಒದ್ದೆ ಟೋಪಿಗಳ ವಾಸನೆ ಹೊತ್ತು
ಬೆಂಚಿನ ಮೇಲೆ ಸಾಲಾಗಿ ಕೂತು
ನನ್ನ ಸ್ಪ್ಯಾನಿಷ್ ಮುಗಿಯಲೆಂದು ಕಾಯುತ್ತಾರೆ.
ಆಮೇಲೆ ಕೆಚುವಾದಲ್ಲಿ ಕೇಳುತ್ತೇನೆ.
ಒಲೆ ಹೊತ್ತಿದ ಕಡೆಗೆ ಮುಖ ತಿರುಗುತ್ತವೆ.

ಇವತ್ತು ಮೊದಲು ಬಂದವಳು ಸಿಪ್ರಿಯಾನಾ ಕವಾನ.
ಮೇಲಿನ ಹಟ್ಟಿಯಿಂದ ನಾಲ್ಕು ಗಂಟೆ ಇಳಿದು ಬಂದಿದ್ದಾಳೆ.
ಇಷ್ಟು ವರ್ಷ ಕಾಗದದ ಹಂಗಿಲ್ಲದೆ ಬದುಕಿದವಳಿಗೆ
ಈಗ ಪಿಂಚಣಿಗೆ ಗುರುತಿನ ಚೀಟಿ ಬೇಕು.
ಹುಟ್ಟಿದ್ದು ಯಾವಾಗ, ಅಜ್ಜಿ?

'ಓಕಾ ಗೆಡ್ಡೆ ಅಗೆಯುವ ಕಾಲಕ್ಕೆ ಹುಟ್ಟಿದೆನಂತೆ.
ಆಲಿಕಲ್ಲು ಬಿದ್ದಿತ್ತಂತೆ.
ಅಪ್ಪ ಲಾಮಾಗಳ ಜೊತೆ ಉಪ್ಪು ತರಲು ಹೋಗಿದ್ದನಂತೆ.'

ಹುಟ್ಟಿದೆನಂತೆ.
ನಮ್ಮ ಮಾತಿನಲ್ಲಿ ಹಾಗೆಯೇ ಹೇಳಬೇಕು.
ಕಣ್ಣಾರೆ ಕಂಡದ್ದಕ್ಕೆ ಒಂದು ಬಾಲ,
ಕೇಳಿ ತಿಳಿದದ್ದಕ್ಕೆ ಇನ್ನೊಂದು.
ತನ್ನ ಹುಟ್ಟನ್ನು ತಾನೇ ಕಂಡವರು ಯಾರು?
ಬಾಲ ಅದಲುಬದಲಾದರೆ ಅಜ್ಜಿಯರು ಗದರುತ್ತಿದ್ದರು:
ನೀನು ಅಲ್ಲಿದ್ದೆಯೇನೇ?

ಶಾಲೆಯಲ್ಲಿ ಮೇಷ್ಟ್ರು ಕೆಚುವಾ ಆಡಿದ ಬಾಯಿಗೆ
ಸೋಪು ಉಜ್ಜಿಸಿದರು. ಅಂದಿನಿಂದ ನನ್ನ ಸ್ಪ್ಯಾನಿಷ್ ಬಲು ಚೊಕ್ಕ.
ಅದರಲ್ಲಿ ನಾನು ಎಲ್ಲವನ್ನೂ ಕಂಡವಳು:
ಕಡಲು, ರಾಜರು, ದೇವರು,
ಅಮ್ಮ ನನ್ನನ್ನು ಹೆತ್ತ ರಾತ್ರಿ ಕೂಡ.

ಅರ್ಜಿಯಲ್ಲಿ ದಿನಕ್ಕೆ ಎರಡು ಚೌಕ,
ತಿಂಗಳಿಗೆ ಎರಡು, ವರ್ಷಕ್ಕೆ ನಾಲ್ಕು.
'ಅಂತೆ'ಗೆ ಚೌಕವಿಲ್ಲ.
ಮೇ ಹನ್ನೆರಡು ಎಂದು ಬರೆದೆ.
ಹನ್ನೆರಡೇ ಯಾಕೆ? ಕೈಗೆ ಬಂತು.
ವರ್ಷವನ್ನು ಅವಳ ಕೆನ್ನೆ ನೋಡಿ ಬರೆದೆ.

ಬೆರಳಚ್ಚಿನ ಯಂತ್ರಕ್ಕೆ ಅವಳ ಬೆರಳು ಓದಲು ಬರಲಿಲ್ಲ.
ನೂಲು ತಿರುಪಿ, ಮಣ್ಣು ಕೆರೆದು,
ಹೆಪ್ಪುಗಟ್ಟಿದ ಆಲೂಗಡ್ಡೆಯ ಸಿಪ್ಪೆ ಹಿಂಡಿ
ಗೆರೆಗಳು ಸವೆದುಹೋಗಿವೆ.
ಕೆಂಪು ದೀಪ. ಮತ್ತೆ ಕೆಂಪು ದೀಪ.
ಎಡಗೈ ಕಿರುಬೆರಳಿಗೆ ಮಾತ್ರ ಯಂತ್ರ ಹೂಂ ಅಂದಿತು.
'ಅದೊಂದು ಮೊದಲಿನಿಂದಲೂ ಮೈಗಳ್ಳ,' ಎಂದಳು.
ಬೆಂಚು ಪೂರ್ತಿ ನಕ್ಕಿತು.

ಮಕ್ಕಳು?

'ಐದು. ಇಬ್ಬರು ಇಲ್ಲೇ, ನನ್ನ ಜೊತೆ.
ಒಬ್ಬಳು ಅರೆಕಿಪಾದಲ್ಲಿ ಯಾರದೋ ಬಟ್ಟೆ ಒಗೆಯುತ್ತಾಳಂತೆ.
ತಿಯೊಡೋಸಿಯೊ ಗಣಿಗೆ ಹೋದ.
ಒಳಗೆ ಕುಸಿಯಿತಂತೆ. ಸತ್ತನಂತೆ.
ಕಂಪನಿಯವರು ಬೂಟು ಕಳಿಸಿದರು. ಬೂಟು ನೋಡಿದೆ.
ಕೊನೆಯವಳು ಉರ್ಬಾನಾ. ಎರಡು ವರ್ಷದವಳು.
ಜೂನ್ ತಿಂಗಳು, ಹೊದಿಕೆ ಒಂದೇ ಇತ್ತು.
ಸತ್ತಳು.'

ಬೆಂಚಿನ ತುದಿಯಲ್ಲಿ ಯಾರೋ ಟೋಪಿ ತೆಗೆದರು.
ಅರ್ಜಿಯಲ್ಲಿ ಇಬ್ಬರಿಗೂ ಒಂದೇ ಅಡ್ಡಗೆರೆ.
ಎಳೆದೆ.

ಮಳೆಗಾಲ ಶುರುವಾದ ಮೇಲೆ ಚೀಟಿ ಬಂತು.
ಹಿಂದೆ ಮುಂದೆ ತಿರುಗಿಸಿ, ಮೂಸಿ, 'ಓದು' ಎಂದಳು.
ಓದಿದೆ: ಹೆಸರು, ಊರು, ಮೇ ಹನ್ನೆರಡು.
'ಈ ಕಾಗದ ಅಲ್ಲಿತ್ತೇ?'
ಇಲ್ಲ ಅಜ್ಜಿ.
'ಮತ್ತೆ ಇಷ್ಟು ಗಟ್ಟಿಯಾಗಿ ಹೇಳುತ್ತಲ್ಲ!'
ಚೀಟಿಯನ್ನು ಟೋಪಿಯ ಒಳಪಟ್ಟಿಗೆ ಸಿಕ್ಕಿಸಿ,
ಸೆರಗಿನ ಗಂಟು ಬಿಚ್ಚಿ
ನಾಲ್ಕು ಆಲೂಗಡ್ಡೆ ಮೇಜಿನ ಮೇಲಿಟ್ಟಳು.
ಮೈಯೆಲ್ಲ ಗುಬುಟು, ಸಂದುಗೊಂದು.
ಆ ತಳಿಯ ಹೆಸರೇ ಸೊಸೆಯನ್ನಳಿಸುವುದು:
ಮದುವೆಗೆ ಮೊದಲು ಹುಡುಗಿಯ ಕೈಗಿದನ್ನು ಕೊಟ್ಟು
ಸುಲಿಯಲು ಹೇಳುತ್ತಿದ್ದರಂತೆ.

ಆ ರಾತ್ರಿ ಅರ್ಧ ಗಂಟೆ ಚಾಕು ಹಿಡಿದು ಕೂತೆ.
ಸಂದುಗಳಲ್ಲಿ ಮಣ್ಣು ಉಳಿದೇ ಉಳಿಯಿತು.
ಹಾಗೆಯೇ ಬೇಯಿಸಿ ತಿಂದೆ.